ಡಿಸ್ಚಾರ್ಜ್ ಆದ ಮೇಲಿನ ಹದಿನೈದು ದಿನ: ಮಾತ್ರೆ ಡಬ್ಬಿ ನೋಡೋರು ಯಾರು?

ಆಸ್ಪತ್ರೆಯಿಂದ ಅಪ್ಪ-ಅಮ್ಮನನ್ನೋ, ಅಜ್ಜಿ-ತಾತನನ್ನೋ ಮನೆಗೆ ಕರ್ಕೊಂಡು ಬರುವ ದಿನ ಎಲ್ಲರಿಗೂ ಆತುರ. ಬಿಲ್ ಕಟ್ಟಬೇಕು, ಇನ್ಶೂರೆನ್ಸ್ ಕಾಗದಕ್ಕೆ ಸಹಿ ಹಾಕಬೇಕು, ಹೊರಗೆ ಕಾರು ಕಾಯ್ತಿದೆ, ಕತ್ತಲಾಗೋದರೊಳಗೆ ಊರು ಸೇರಬೇಕು. ಈ ಗಡಿಬಿಡಿಯ ನಡುವೆ ಯಾರೋ ಬಂದು ಒಂದು ಕವರ್ ತುಂಬ ಮಾತ್ರೆ ಕೈಗಿಟ್ಟು, "ಇದು ಬೆಳಿಗ್ಗೆ, ಇದು ರಾತ್ರಿ, ಇದು ಊಟಕ್ಕೆ ಮುಂಚೆ, ಹದಿನೈದು ದಿನ ಬಿಟ್ಟು ಬನ್ನಿ" ಅಂತ ಎರಡು ನಿಮಿಷದಲ್ಲಿ ಹೇಳಿ ಮುಗಿಸ್ತಾರೆ. ನಾವೂ "ಹ್ಞೂಂ, ಹ್ಞೂಂ" ಅಂತ ತಲೆ ಆಡಿಸ್ತೀವಿ.

ಎಷ್ಟೋ ಹಿರಿಯರು ಅದೇ ತಿಂಗಳು ಮತ್ತೆ ಅದೇ ಆಸ್ಪತ್ರೆಯ ಬಾಗಿಲಿಗೆ ಬರೋದು ಈ ಎರಡು ನಿಮಿಷದ ದೆಸೆಯಿಂದ. ಕಾಯಿಲೆ ಜಾಸ್ತಿಯಾಗಿ ಅಲ್ಲ, ಮಾತ್ರೆ ಹೆಚ್ಚುಕಮ್ಮಿಯಾಗಿ. ಇದನ್ನು ತಡೆಯೋಕೆ ಆಗುವಂಥ ಒಬ್ಬ ವ್ಯಕ್ತಿ ನಮ್ಮ ಬೀದಿಯಲ್ಲೇ ಇದ್ದಾರೆ. ನಾವು ಅವರನ್ನು "ಮೆಡಿಕಲ್ ಸ್ಟೋರ್‌ನವರು" ಅಂತ ಕರೆದು ಸುಮ್ಮನಾಗಿದ್ದೀವಿ. ಇವತ್ತಿನ ಮಾತು ಅವರ ಬಗ್ಗೆ, ಫಾರ್ಮಾಸಿಸ್ಟ್ ಬಗ್ಗೆ.

ಹಾಸನದ ಸುದ್ದಿ ನೆನಪಿದೆಯಲ್ವಾ?

2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಎಲ್ಲರ ಮೊಬೈಲ್‌ನಲ್ಲೂ ಓಡಾಡಿದವು. ಚಿಕ್ಕ ವಯಸ್ಸಿನವರ ಸಾವು ಕೇಳಿ ಜನ ಹೆದರಿದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಬಂದವರ ಉದ್ದ ಸಾಲು ಬೆಳೆಯಿತು. ಆ ಭಯ ಸಹಜ. ತಪಾಸಣೆ ಮಾಡಿಸಿಕೊಂಡದ್ದೂ ತಪ್ಪಲ್ಲ.

ಆದರೆ ಸುದ್ದಿಯಾಗದ ಇನ್ನೊಂದು ಸಂಗತಿ ವರ್ಷವಿಡೀ ನಡೀತಾನೇ ಇರತ್ತೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯ ಹಿರಿಯರಿಗೆ ಸಣ್ಣಪುಟ್ಟದ್ದಕ್ಕೆ ಹತ್ತಿರದ ಸರ್ಕಾರಿ ಆಸ್ಪತ್ರೆ. ಶುಗರ್‌ಗೆ ಹಾಸನದ ಖಾಸಗಿ ಡಾಕ್ಟ್ರು. ಹೃದಯ, ಕಿಡ್ನಿ ಅಂದ್ರೆ ಮೈಸೂರು ಇಲ್ಲಾ ಬೆಂಗಳೂರು. ಮಂಡಿ ನೋವಿಗೆ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯ ಮಾತ್ರೆ. ಹೀಗೆ ನಾಲ್ಕು ಕಡೆಯಿಂದ ಬಂದ ಮಾತ್ರೆಗಳೆಲ್ಲ ಕೊನೆಗೆ ಸೇರೋದು ಒಂದೇ ಡಬ್ಬಿಗೆ. ಒಬ್ಬೊಬ್ಬ ಡಾಕ್ಟ್ರು ತಾವು ಬರೆದದ್ದನ್ನು ನೋಡಿರ್ತಾರೆ. ಇಡೀ ಡಬ್ಬಿ ನೋಡಿದವರು ಯಾರೂ ಇಲ್ಲ.

ಒಬ್ಬ ಅಜ್ಜಿ ಅಂತ ಇಟ್ಕೊಳ್ಳಿ

ನಮ್ಮ ಸಾಲಗಾಮೆ ಹೋಬಳಿಯ ಯಾವುದೋ ಒಂದು ಊರಿನ ಎಪ್ಪತ್ತೆರಡು ವರ್ಷದ ಅಜ್ಜಿ ಅಂತ ಇಟ್ಕೊಳ್ಳೋಣ. ಹೆಸರು ಬೇಡ. ಇವರು ಒಬ್ಬರಲ್ಲ, ಹುಡುಕಿದರೆ ಪ್ರತಿ ಊರಲ್ಲೂ ಸಿಗ್ತಾರೆ. ಬಿಪಿ ಇದೆ, ಹತ್ತು ವರ್ಷದ ಶುಗರ್ ಇದೆ, ಮಂಡಿ ನೋವಿದೆ. ಮಗ ಬೆಂಗಳೂರಲ್ಲಿ, ಮಗಳು ಪುಣೆಯಲ್ಲಿ. ಒಂದು ರಾತ್ರಿ ಉಸಿರು ಕಟ್ಟಿತು, ಕಾಲು ಊದಿತ್ತು. ಹಾಸನಕ್ಕೆ ಹೋಗಿ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಹೋದರು. ಹೃದಯ ದುರ್ಬಲವಾಗಿದೆ ಅಂದ್ರು. ಆರು ದಿನ ಇಟ್ಟುಕೊಂಡು, ಒಂಬತ್ತು ಬಗೆಯ ಮಾತ್ರೆ ಬರೆದು ಮನೆಗೆ ಕಳಿಸಿದರು.

ಮನೆಗೆ ಬಂದ ಮೇಲೆ ಏನಾಗತ್ತೆ ನೋಡಿ.

ಮೊದಲನೇದು ಶುಗರ್ ಮಾತ್ರೆ. ಆಸ್ಪತ್ರೆಯವರು ಕೊಟ್ಟದ್ದು ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿರುವ ಒಂದು ಕಂಪನಿಯ ಮಾತ್ರೆ. ಮನೆಯ ಡಬ್ಬಿಯಲ್ಲಿ ಹಳೆಯದು ಇನ್ನೂ ಇಪ್ಪತ್ತು ಇದೆ. ಅದೂ ಗ್ಲಿಮೆಪಿರೈಡೇ, ಕಂಪನಿ ಬೇರೆ, ಬಣ್ಣ ಬೇರೆ, ಹೆಸರು ಬೇರೆ. "ಹಳೇದು ನಿಲ್ಲಿಸಿ" ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಲ್ಲೂ ಬರೆದಿಲ್ಲ. ಹೊಸ ಪಟ್ಟಿ ಕೊಟ್ಟರೆ ಸಾಕು, ಹಳೆಯದು ತಾನಾಗೇ ನಿಲ್ಲತ್ತೆ ಅಂತ ಬರೆದವರು ಅಂದುಕೊಂಡಿರ್ತಾರೆ. ಅಜ್ಜಿ ಅಂದುಕೊಳ್ಳೋದು ಬೇರೆ: "ಇದು ಶುಗರ್‌ದು, ಅದು ಹಾರ್ಟ್‌ದು." ಎರಡನ್ನೂ ನುಂಗ್ತಾರೆ. ಶನಿವಾರ ಒಪ್ಪೊತ್ತು ಬೇರೆ. ಮಧ್ಯಾಹ್ನದ ಹೊತ್ತಿಗೆ ಮೈ ಬೆವರಿ, ಕೈ ನಡುಗಿ, ಮಾತು ತೊದಲತೊಡಗತ್ತೆ.

ಎರಡನೇದು ನೀರಿನ ಮಾತ್ರೆ. ಫ್ಯೂರೋಸಮೈಡ್ ಅಂತ ಅದರ ಹೆಸರು, ಲ್ಯಾಸಿಕ್ಸ್ ಅಂದ್ರೆ ಎಲ್ಲರಿಗೂ ಗೊತ್ತು. ಅದು ಮೈಯಲ್ಲಿ ತುಂಬಿದ ನೀರನ್ನು ಹೊರಹಾಕತ್ತೆ, ಹೃದಯದ ಭಾರ ಇಳಿಸತ್ತೆ. ಆದರೆ ನುಂಗಿದ ಮೇಲೆ ಎರಡು ಮೂರು ಗಂಟೆ ಶೌಚಾಲಯಕ್ಕೆ ಓಡಾಡಬೇಕು. ನೆಂಟರ ಮದುವೆ, ಬಸ್ ಪ್ರಯಾಣ, ಛತ್ರದಲ್ಲಿ ಸಾಲು. ಯಾವ ಅಜ್ಜಿ ತಗೋತಾರೆ ಹೇಳಿ? ಮದುವೆ ದಿನ ಬಿಟ್ಟರು, ಬೀಗರೂಟದ ದಿನವೂ ಬಿಟ್ಟರು. ಕಾಲು ಮತ್ತೆ ಊದಿತು.

ಮೂರನೇದು ನೋವಿನ ಮಾತ್ರೆ. ಊದಿದ ಕಾಲು, ಹಳೇ ಮಂಡಿ ನೋವು. "ಒಂದು ನೋವಿನ ಮಾತ್ರೆ ಕೊಡಪ್ಪಾ" ಅಂದ್ರೆ ಅಂಗಡಿಯಲ್ಲಿ ಅಸೆಕ್ಲೋಫೆನಾಕೋ ಡೈಕ್ಲೋಫೆನಾಕೋ ಸಿಗತ್ತೆ. ಈ ಜಾತಿಯ ಮಾತ್ರೆಗಳು ಮೈಯಲ್ಲಿ ನೀರು, ಉಪ್ಪು ಹಿಡಿದಿಡ್ತವೆ. ಟೆಲ್ಮಿಸಾರ್ಟಾನ್ ತರಹದ ಬಿಪಿ ಮಾತ್ರೆ, ನೀರಿನ ಮಾತ್ರೆ, ಜೊತೆಗೆ ಇದು: ಮೂರೂ ಸೇರಿದರೆ ವಯಸ್ಸಾದವರ ಕಿಡ್ನಿ ತಡೆಯೋದಿಲ್ಲ. ಹೃದಯಕ್ಕೂ ಕೆಡುಕು.

ಹನ್ನೆರಡನೇ ದಿನ ಅಜ್ಜಿ ಮತ್ತೆ ಆಸ್ಪತ್ರೆಯಲ್ಲಿ. ಊರಿನವರು ಹೇಳೋದು, "ಪಾಪ, ಹಾರ್ಟ್ ಪ್ರಾಬ್ಲಂ ಮತ್ತೆ ಬಂತಂತೆ." ಡಬ್ಬಿಯ ಕಡೆ ಯಾರ ಕಣ್ಣೂ ಹೋಗಲಿಲ್ಲ.

ಇದರಲ್ಲಿ ಯಾರೂ ಬೇಕಂತ ತಪ್ಪು ಮಾಡಿಲ್ಲ ಅನ್ನೋದನ್ನು ಗಮನಿಸಿ. ಡಾಕ್ಟ್ರು ಸರಿಯಾಗೇ ಬರೆದಿದ್ದರು. ಅಜ್ಜಿ ಹೇಳಿದ್ದನ್ನೇ ಕೇಳಿದ್ದರು. ಮಗ ದುಡ್ಡು ಕಟ್ಟಿದ್ದ. ಡಬ್ಬಿ ಮುಂದೆ ಕೂತು "ಇದು ಬೇಕು, ಇದು ಬೇಡ" ಅಂತ ಹೇಳೋರು ಮಾತ್ರ ಇರಲಿಲ್ಲ.

ಅಪಾಯ ಎಲ್ಲಿ ಜಾಸ್ತಿ?

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ಕಡೆಯ ಎರಡು ಆಸ್ಪತ್ರೆಗಳಲ್ಲಿ 18,820 ಭರ್ತಿಗಳನ್ನು ನೋಡಿದ ಅಧ್ಯಯನ 2004ರಲ್ಲಿ ಬಂತು. ಅದರಲ್ಲಿ ಶೇ 6.5ರಷ್ಟು ಭರ್ತಿಗಳಿಗೆ ಔಷಧದ ಅಡ್ಡಪರಿಣಾಮವೇ ಸಂಬಂಧ. ಆ ಪೈಕಿ ಹೆಚ್ಚಿನವನ್ನು ತಪ್ಪಿಸಬಹುದಿತ್ತು ಅಂತ ಅವರೇ ಹೇಳಿದರು. ಅಪರೂಪದ ದುಬಾರಿ ಔಷಧಗಳೇನೂ ಅಲ್ಲ. ಆಸ್ಪಿರಿನ್, ನೀರಿನ ಮಾತ್ರೆ, ರಕ್ತ ತೆಳು ಮಾಡುವ ವಾರ್ಫರಿನ್, ನೋವಿನ ಮಾತ್ರೆ. ಎಲ್ಲರ ಮನೆಯಲ್ಲೂ ಇರುವಂಥವು.

ಅಮೆರಿಕದಲ್ಲಿ 65 ದಾಟಿದವರು ಔಷಧದ ತೊಂದರೆಯಿಂದ ತುರ್ತಾಗಿ ಆಸ್ಪತ್ರೆ ಸೇರೋದು ಯಾಕೆ ಅಂತ ನೋಡಿದ ಇನ್ನೊಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮೂರರಲ್ಲಿ ಎರಡು ಪಾಲಿಗೆ ನಾಲ್ಕೇ ಬಗೆ ಕಾರಣ: ವಾರ್ಫರಿನ್, ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್-ಕ್ಲೋಪಿಡೋಗ್ರೆಲ್ ತರಹದ ಮಾತ್ರೆ, ಮತ್ತು ಶುಗರ್ ಮಾತ್ರೆ.

ಈ ಪಟ್ಟಿಗೆ ನಮ್ಮ ಕಡೆಯ ಕೆಲವು ಸಂಗತಿ ಸೇರಿಸಿಕೊಳ್ಳಿ.

ಒಂದೇ ಔಷಧಕ್ಕೆ ಹತ್ತಾರು ಹೆಸರು. ಸ್ಟೆಂಟ್ ಹಾಕಿಸಿಕೊಂಡವರಿಗೆ ಕ್ಲೋಪಿಡೋಗ್ರೆಲ್ ಜೊತೆ ಆಸ್ಪಿರಿನ್ ಸೇರಿಸಿದ ಮಾತ್ರೆ ಕೊಟ್ಟಿರ್ತಾರೆ. ಮನೆಯಲ್ಲಿ ಹಳೇ ಎಕೋಸ್ಪ್ರಿನ್ ಇರತ್ತೆ. ಅದೂ ಆಸ್ಪಿರಿನ್ನೇ. ಎರಡೂ ಹೊಟ್ಟೆಗೆ ಹೋದರೆ ರಕ್ತಸ್ರಾವದ ಭಯ. ಜನೌಷಧಿ ಕೇಂದ್ರದ ಮಾತ್ರೆ ಅಗ್ಗ, ಕೆಲಸ ಮಾಡೋದು ಅದೇ ಔಷಧ. ಆದರೆ ಅದರ ಮೇಲೆ ಔಷಧದ ಮೂಲ ಹೆಸರು ಇರತ್ತೆ, ಕಂಪನಿ ಹೆಸರಿರೋದಿಲ್ಲ. ಅದು ಬೇರೆ, ಇದು ಬೇರೆ ಅಂದುಕೊಂಡು ಎರಡೂ ತಗೊಳ್ಳೋರು ಇದ್ದಾರೆ.

ಕತ್ತರಿಸಿ ಕೊಟ್ಟ ಸ್ಟ್ರಿಪ್. ಮೂರು ದಿನಕ್ಕೆ, ಐದು ದಿನಕ್ಕೆ ಅಂತ ಕೊಂಡರೆ ಕತ್ತರಿಯಿಂದ ತುಂಡು ಮಾಡಿ ಕೊಡ್ತಾರೆ. ಹೆಸರು ಒಂದು ತುಂಡಲ್ಲಿ, ತಾರೀಖು ಇನ್ನೊಂದು ತುಂಡಲ್ಲಿ. ಮನೆಗೆ ಬಂದ ಮೇಲೆ ಉಳಿಯೋದು ಬಣ್ಣ ಮಾತ್ರ. "ಆ ಗುಲಾಬಿ ಮಾತ್ರೆ", "ಆ ಉದ್ದದ್ದು". ಮುಂದಿನ ತಿಂಗಳು ಬೇರೆ ಕಂಪನಿಯದ್ದು ಬಂದರೆ ಗುಲಾಬಿ ಬಿಳಿಯಾಗತ್ತೆ, ಲೆಕ್ಕ ತಪ್ಪತ್ತೆ.

ವಾರಕ್ಕೊಂದು ಮಾತ್ರೆ. ಕೀಲು ವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಅದನ್ನು ದಿನಾ ನುಂಗಿ ಪ್ರಾಣಕ್ಕೆ ಕುತ್ತು ತಂದುಕೊಂಡವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ಚೀಟಿಯಲ್ಲಿ ಇಂಗ್ಲಿಷಲ್ಲಿ ವಾರ ಅಂತ ಬರೆದದ್ದನ್ನು ಮನೆಯಲ್ಲಿ ಓದೋರು ಯಾರು?

ನಿದ್ದೆ ಮಾತ್ರೆ, ನೆಗಡಿ ಮಾತ್ರೆ. ಆಲ್ಪ್ರಜೋಲಾಮ್ ನುಂಗಿ ಮಲಗಿದವರು ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬೀಳ್ತಾರೆ, ಸೊಂಟದ ಮೂಳೆ ಮುರಿಯತ್ತೆ. ತೂಕಡಿಕೆ ತರಿಸುವ ನೆಗಡಿ ಮಾತ್ರೆ ವಯಸ್ಸಾದವರಲ್ಲಿ ಗೊಂದಲ ತರಿಸತ್ತೆ, ಗಂಡಸರಿಗೆ ಮೂತ್ರ ಕಟ್ಟಿಸಬಹುದು. ವಯಸ್ಸಾದವರಿಗೆ ಯಾವ ಔಷಧ ಹುಷಾರಾಗಿ ಕೊಡಬೇಕು ಅನ್ನೋ ಪಟ್ಟಿಯನ್ನು ಮಾರ್ಕ್ ಬಿಯರ್ಸ್ ಅನ್ನೋ ವೈದ್ಯರು 1991ರಲ್ಲೇ ಮಾಡಿದ್ದರು. ಇವತ್ತಿಗೂ ಅದು ಅವರ ಹೆಸರಲ್ಲೇ ಇದೆ, 2023ರಲ್ಲಿ ಮತ್ತೆ ಪರಿಷ್ಕರಣೆಯಾಯಿತು. ಈ ಎರಡೂ ಬಗೆ ಅದರಲ್ಲಿವೆ.

ಫಾರ್ಮಾಸಿಸ್ಟೇ ಯಾಕೆ?

ಯಾಕಂದ್ರೆ ಆ ಹತ್ತಾರು ಹೆಸರುಗಳ ಹಿಂದೆ ಇರೋ ಒಂದೇ ಔಷಧವನ್ನು ಗುರುತಿಸೋದೇ ಅವರ ಓದು. ಡಾಕ್ಟ್ರಿಗೆ ಕಾಯಿಲೆ ಮುಖ್ಯ, ಫಾರ್ಮಾಸಿಸ್ಟಿಗೆ ಮಾತ್ರೆ ಮುಖ್ಯ. ಯಾವುದರ ಜೊತೆ ಯಾವುದು ಕೂಡದು, ಯಾವುದನ್ನು ಪುಡಿ ಮಾಡಿ ಮುದ್ದೆ ಜೊತೆ ನುಂಗಿಸಬಾರದು, ಕಿಡ್ನಿ ಸೊರಗಿದವರಿಗೆ ಯಾವುದರ ಪ್ರಮಾಣ ಇಳಿಸಬೇಕು ಅಂತ ಡಾಕ್ಟ್ರಿಗೆ ಫೋನ್ ಮಾಡಿ ಕೇಳಬಲ್ಲವರು ಅವರು. ಇನ್ನೊಂದು ಮಾತು. ಅವರನ್ನು ನೋಡೋಕೆ ಅಪಾಯಿಂಟ್‌ಮೆಂಟ್ ಬೇಡ, ಫೀಸ್ ಇಲ್ಲ.

ಸ್ವೀಡನ್‌ನ ಉಪ್ಸಲಾ ಆಸ್ಪತ್ರೆಯಲ್ಲಿ 80 ದಾಟಿದ 400 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ವಾರ್ಡಿನಲ್ಲೇ ಫಾರ್ಮಾಸಿಸ್ಟ್ ಬಂದು ಹಳೇ ಹೊಸ ಮಾತ್ರೆಗಳನ್ನೆಲ್ಲ ತಾಳೆ ನೋಡಿ, ಡಾಕ್ಟ್ರ ಜೊತೆ ಮಾತಾಡಿ, ರೋಗಿಗೆ ತಿಳಿಸಿ ಹೇಳಿ, ಮನೆಗೆ ಹೋದ ಮೇಲೂ ಫೋನ್ ಮಾಡಿದರು. 2009ರಲ್ಲಿ ಬಂದ ಫಲಿತಾಂಶದ ಪ್ರಕಾರ, ವರ್ಷದಲ್ಲಿ ಆ ಗುಂಪಿನವರು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದದ್ದು ಶೇ 47ರಷ್ಟು ಕಡಿಮೆ. ಔಷಧದ ಕಾರಣಕ್ಕೇ ಮತ್ತೆ ಭರ್ತಿಯಾದದ್ದು ಶೇ 80ರಷ್ಟು ಕಡಿಮೆ.

ಇಷ್ಟು ಓದಿ "ಹಾಗಾದ್ರೆ ಫಾರ್ಮಾಸಿಸ್ಟ್ ಒಬ್ಬರನ್ನು ಮನೆಗೆ ಕಳಿಸಿದ್ರೆ ಆಯ್ತು" ಅನ್ನೋಹಾಗಿಲ್ಲ. ಇಂಗ್ಲೆಂಡಿನಲ್ಲಿ ಅದನ್ನೂ ಮಾಡಿ ನೋಡಿದರು. 80 ದಾಟಿದ 872 ಜನ ಡಿಸ್ಚಾರ್ಜ್ ಆದ ಮೇಲೆ, ಅವರಲ್ಲಿ ಒಂದು ಗುಂಪಿನ ಮನೆಗಳಿಗೆ ಫಾರ್ಮಾಸಿಸ್ಟ್ ಎರಡು ಸಲ ಹೋಗಿಬಂದರು. 2005ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಆಶ್ಚರ್ಯ. ಆ ಗುಂಪಿನಲ್ಲಿ ಮರುಭರ್ತಿ ಶೇ 30ರಷ್ಟು ಜಾಸ್ತಿಯಾಗಿತ್ತು!

ಡೆನ್ಮಾರ್ಕಿನಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನ ಈ ಗಂಟನ್ನು ಸ್ವಲ್ಪ ಬಿಡಿಸಿತು. ಐದಕ್ಕಿಂತ ಕಡಿಮೆಯಿಲ್ಲದಷ್ಟು ಔಷಧ ತಗೊಳ್ಳುವ 1,467 ರೋಗಿಗಳು, ಮೂರು ಗುಂಪು. ಒಂದಕ್ಕೆ ಎಂದಿನ ಚಿಕಿತ್ಸೆ. ಎರಡನೇದಕ್ಕೆ ಫಾರ್ಮಾಸಿಸ್ಟ್ ಪಟ್ಟಿ ಮಾತ್ರ ಪರಿಶೀಲಿಸಿದರು. ಮೂರನೇದಕ್ಕೆ ಪಟ್ಟಿ ನೋಡಿದರು, ಕೂತು ಮಾತಾಡಿಸಿದರು, ಊರಿನ ಡಾಕ್ಟ್ರಿಗೆ ವಿಷಯ ತಿಳಿಸಿದರು, ಮನೆಗೆ ಹೋದ ಮೇಲೆ ಫೋನ್ ಮಾಡಿದರು. ಪಟ್ಟಿ ಮಾತ್ರ ನೋಡಿದ ಗುಂಪಿನಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಮೂರನೇ ಗುಂಪಿನಲ್ಲಿ 30 ದಿನದೊಳಗೆ ಮತ್ತೆ ಭರ್ತಿಯಾಗುವ ಅಪಾಯ ಶೇ 38ರಷ್ಟು ಇಳಿಯಿತು.

ಅಂದ್ರೆ ಕಾಗದ ನೋಡಿದರೆ ಸಾಲದು, ಒಂದೆರಡು ಸಲ ಮನೆಗೆ ಹೋಗಿ ಬಂದರೂ ಸಾಲದು. ರೋಗಿ, ಡಾಕ್ಟ್ರು, ಫಾರ್ಮಾಸಿಸ್ಟ್ ಮೂವರನ್ನೂ ಸೇರಿಸಿ ಕಟ್ಟುವ ಒಂದು ದಾರ ಬೇಕು. ಮನೆ ಸೇರಿದ ಮೇಲೂ ಆ ದಾರ ತುಂಡಾಗಬಾರದು.

ನಮ್ಮಲ್ಲಿ ಈ ದಾರ ಇದೆಯಾ?

ಇದೆ, ಎಳೆ ಸಣ್ಣದು. ಮೈಸೂರಿನ ಜೆಎಸ್ಎಸ್ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಿಂದಲೇ ಫಾರ್ಮಾಸಿಸ್ಟರು ವಾರ್ಡ್ ರೌಂಡ್ಸ್‌ಗೆ ಹೋಗುವ ಪದ್ಧತಿ ಬೆಳೆಯಿತು. ಔಷಧ ಕೊಡೋದಕ್ಕಷ್ಟೇ ಅಲ್ಲ, ರೋಗಿಯ ಹಾಸಿಗೆ ಪಕ್ಕ ನಿಂತು ಚೀಟಿ ಪರಿಶೀಲಿಸೋದಕ್ಕೆ. ಈ ವಿದ್ಯೆಯ ಬಗ್ಗೆ ಭಾರತದ ವಿದ್ಯಾರ್ಥಿಗಳು ಓದುವ ಮುಖ್ಯ ಪಠ್ಯಪುಸ್ತಕಗಳಲ್ಲಿ ಒಂದರ ಸಂಪಾದಕರಲ್ಲಿ ಮೈಸೂರಿನ ಜಿ. ಪಾರ್ಥಸಾರಥಿ ಒಬ್ಬರು. 2008ರಲ್ಲಿ ಆರು ವರ್ಷದ ಫಾರ್ಮ್-ಡಿ ಕೋರ್ಸಿಗೆ ದೇಶಾದ್ಯಂತ ನಿಯಮ ಬಂತು. ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲೇ ತರಬೇತಿ. ನಮ್ಮ ಪಕ್ಕದ ಬಿ.ಜಿ. ನಗರದ ಆದಿಚುಂಚನಗಿರಿ ಫಾರ್ಮಸಿ ಕಾಲೇಜು ಸೇರಿ ರಾಜ್ಯದ ಅನೇಕ ಕಾಲೇಜುಗಳಿಂದ ಇಂಥ ಹುಡುಗ ಹುಡುಗಿಯರು ಹೊರಬರ್ತಿದ್ದಾರೆ.

ಬಂದು ಎಲ್ಲಿಗೆ ಹೋಗ್ತಾರೆ? ಎಷ್ಟೋ ಮಂದಿ ಬೆಂಗಳೂರಿನ ಕಂಪನಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತು, ವಿದೇಶದ ರೋಗಿಗಳ ಅಡ್ಡಪರಿಣಾಮದ ವರದಿಗಳನ್ನು ದಾಖಲು ಮಾಡ್ತಾರೆ. ಅವರನ್ನು ದೂರಿ ಫಲವಿಲ್ಲ. ಜಿಲ್ಲಾ ಆಸ್ಪತ್ರೆಯ ಡಿಸ್ಚಾರ್ಜ್ ಟೇಬಲ್ ಪಕ್ಕ ಅವರಿಗೊಂದು ಕುರ್ಚಿ ಹಾಕಿಕೊಟ್ಟವರು ಕಡಿಮೆ.

ಕಾನೂನಿನಲ್ಲಿ ಕೊರತೆ ಇಲ್ಲ. ನೋಂದಾಯಿತ ಫಾರ್ಮಾಸಿಸ್ಟ್ ಮಾತ್ರ ಚೀಟಿ ನೋಡಿ ಔಷಧ ಕೊಡಬೇಕು ಅಂತ 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮು ಹೇಳತ್ತೆ. ಕೊಡುವಾಗ ರೋಗಿಗೆ ಅದರ ಬಗ್ಗೆ ತಿಳಿಸಿ ಹೇಳಬೇಕು ಅಂತ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮ ಹೇಳತ್ತೆ. ಆದರೆ ಎಷ್ಟೋ ಅಂಗಡಿಗಳಲ್ಲಿ ಸರ್ಟಿಫಿಕೇಟ್ ಗೋಡೆ ಮೇಲೆ, ಅದರ ಯಜಮಾನರು ಇನ್ನೆಲ್ಲೋ, ಕೌಂಟರಿನಲ್ಲಿ ಬೇರೆ ಯಾರೋ. ಇರುವ ಒಳ್ಳೆಯ ಫಾರ್ಮಾಸಿಸ್ಟಿಗೂ ಒಂದು ಕಷ್ಟ ಇದೆ. ಮಾತ್ರೆ ಮಾರಿದರೆ ದುಡ್ಡು, "ಈ ಮಾತ್ರೆ ಬೇಡ ಅಜ್ಜಿ, ಇದು ನಿಮ್ಮ ಹತ್ರ ಆಗಲೇ ಇದೆ" ಅಂತ ಹೇಳಿದರೆ ನಷ್ಟ. ಆಸ್ಟ್ರೇಲಿಯಾದಲ್ಲಿ ಫಾರ್ಮಾಸಿಸ್ಟ್ ಮನೆಗೆ ಬಂದು ಮಾತ್ರೆ ಪರಿಶೀಲಿಸಿದರೆ ಸರ್ಕಾರವೇ ಹಣ ಕೊಡುವ ಪದ್ಧತಿ 2001ರಿಂದ ಇದೆ. ಇಂಗ್ಲೆಂಡಿನಲ್ಲಿ 2021ರ ಫೆಬ್ರವರಿಯಿಂದ, ಡಿಸ್ಚಾರ್ಜ್ ಆದವರ ಪಟ್ಟಿಯನ್ನು ಆಸ್ಪತ್ರೆಯೇ ಅವರ ಮನೆ ಹತ್ತಿರದ ಫಾರ್ಮಸಿಗೆ ಕಳಿಸುವ ಏರ್ಪಾಡಿದೆ. ಹೀಗೆ ಮಾತಿಗೂ ಬೆಲೆ ಕಟ್ಟಿದಾಗ ಮಾತು ನಡೆಯತ್ತೆ. ಊರೂರಿಗೆ ಔಷಧ ಮುಟ್ಟಿಸೋದು ನಮಗೆ ಗೊತ್ತಿದೆ, ಅದನ್ನು ವಿವರಿಸುವವರಿಗೆ ಸಂಬಳ ಕೊಡೋದು ಇನ್ನೂ ರೂಢಿಯಾಗಿಲ್ಲ.

ಮತ್ತೆ ನಾವು?

ಈಗ ಬೆಂಗಳೂರಲ್ಲಿ ಕೂತಿರೋ ನಮ್ಮ ವಿಷಯ. ಅಪ್ಪ ಅಮ್ಮನ ಮಾತ್ರೆಗಳನ್ನು ನಾವು ಆಪ್‌ನಲ್ಲಿ ಬುಕ್ ಮಾಡ್ತೀವಿ. ಶೇ 20 ಡಿಸ್ಕೌಂಟ್, ತಿಂಗಳಿಗೊಮ್ಮೆ ತಾನಾಗೇ ರಿಪೀಟ್, ಮನೆ ಬಾಗಿಲಿಗೆ ಡೆಲಿವರಿ. ಅನುಕೂಲ ಹೌದು, ಪ್ರೀತಿಯಿಂದಲೇ ಮಾಡೋದು. ಆದರೆ ಆಸ್ಪತ್ರೆಯಲ್ಲಿ ಮಾತ್ರೆ ಬದಲಾದದ್ದು ಆ ರಿಪೀಟ್ ಆರ್ಡರ್‌ಗೆ ಗೊತ್ತಿರೋದಿಲ್ಲ. ಹಳೇ ಪಟ್ಟಿಯ ಮಾತ್ರೆ ಬರ್ತಾನೇ ಇರತ್ತೆ. ಅಂಗಡಿ ಮುಂದೆ ಅಜ್ಜಿ ನಿಂತಾಗ "ಕಾಲು ಯಾಕವ್ವಾ ಊದಿದೆ?" ಅಂತ ಕೇಳುತ್ತಿದ್ದ ಒಬ್ಬ ಮನುಷ್ಯ ನಡುವಿನಿಂದ ಮಾಯವಾಗಿದ್ದಾನೆ. ಮುಖ ನೋಡಿ ಗೊತ್ತಾಗೋದು ಪಾರ್ಸಲ್ ನೋಡಿದರೆ ಗೊತ್ತಾಗಲ್ಲ.

ಆಪ್ ಬಿಟ್ಟುಬಿಡಿ ಅಂತ ಹೇಳ್ತಿಲ್ಲ. ಡಿಸ್ಚಾರ್ಜ್ ಆದ ಮೊದಲ ಒಂದು ತಿಂಗಳಾದರೂ ಊರಿನ ಒಂದೇ ಅಂಗಡಿ, ಒಬ್ಬರೇ ಫಾರ್ಮಾಸಿಸ್ಟ್ ಅಂತ ಇಟ್ಕೊಳ್ಳಿ. ಅದಕ್ಕೆ ಹೀಗೆ ಮಾಡಬಹುದು.

ಡಿಸ್ಚಾರ್ಜ್ ದಿನ ಮೂರು ಪಟ್ಟಿ ಕೇಳಿ. ಹೊಸದಾಗಿ ಶುರುವಾದವು ಯಾವು, ಹಳೆಯದರಲ್ಲಿ ಮುಂದುವರಿಯೋವು ಯಾವು, ನಿಲ್ಲಿಸಿದವು ಯಾವು. ಮೂರನೇದನ್ನು ಯಾರೂ ತಾವಾಗಿ ಹೇಳೋದಿಲ್ಲ, ನೀವೇ ಕೇಳಬೇಕು. ಆಸ್ಪತ್ರೆಯಲ್ಲಿ ಫಾರ್ಮ್-ಡಿ ಓದಿದವರು ಇದ್ದಾರಾ ಅಂತಲೂ ವಿಚಾರಿಸಿ. ಇದ್ದರೆ ಹದಿನೈದು ನಿಮಿಷ ಅವರ ಜೊತೆ ಕೂರಿ.

ಮನೆ ಸೇರಿದ ಎರಡು ದಿನದೊಳಗೆ ಇಡೀ ಡಬ್ಬಿಯನ್ನು ಒಂದು ಚೀಲಕ್ಕೆ ಸುರಿದು, ಡಿಸ್ಚಾರ್ಜ್ ಸಮ್ಮರಿ ಸಮೇತ ಫಾರ್ಮಾಸಿಸ್ಟ್ ಹತ್ರ ಕಳಿಸಿ. ಕಣ್ಣಿನ ಡ್ರಾಪ್ಸ್, ಮುಲಾಮು, ನಾಟಿ ಔಷಧ, ಟಾನಿಕ್ಕು, ಗ್ಯಾಸ್ ಮಾತ್ರೆ ಎಲ್ಲ ಇರಲಿ. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಅಂಗಡಿಯಲ್ಲಿ ಜನ ಕಡಿಮೆ, ಆ ಹೊತ್ತು ನೋಡಿ ಹೋಗಲಿ. ಕೇಳಬೇಕಾದ್ದು ಇಷ್ಟೇ: "ಇದರಲ್ಲಿ ಒಂದೇ ಔಷಧ ಎರಡು ಸಲ ಇದೆಯಾ? ಒಂದರ ಜೊತೆ ಒಂದು ಕೂಡದ್ದು ಇದೆಯಾ? ಒಂದು ಹೊತ್ತು ಮರೆತರೆ ಏನು ಮಾಡಬೇಕು?" ಅವರು "ಇದನ್ನು ಡಾಕ್ಟ್ರಿಗೆ ಕೇಳಿ" ಅಂದದ್ದನ್ನು ಬರೆದುಕೊಂಡು ಡಾಕ್ಟ್ರಿಗೇ ಫೋನ್ ಮಾಡಿ. ನೀವಾಗೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ಅದರಲ್ಲೂ ಸ್ಟೆಂಟ್ ಹಾಕಿಸಿಕೊಂಡವರ ಮಾತ್ರೆಯನ್ನು.

ಡಬ್ಬಿಯ ಮುಚ್ಚಳಕ್ಕೆ ಕನ್ನಡದಲ್ಲಿ ಬರೆದ ಒಂದು ಚೀಟಿ ಅಂಟಿಸಿ. 1-0-1 ಅಂದ್ರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಅಂತ ನಮಗೆ ಗೊತ್ತು, ಅಜ್ಜಿಗೆ ಗೊತ್ತಿರಬೇಕಂತಿಲ್ಲ. ಅಕ್ಷರ ಬಾರದವರಿಗೆ ಸೂರ್ಯ ಬರೆಯಿರಿ, ಚಂದ್ರ ಬರೆಯಿರಿ. ಸ್ಟ್ರಿಪ್ ಪೂರ್ತಿ ಕೊಳ್ಳಿ, ಕತ್ತರಿಸಲೇಬೇಕಿದ್ದರೆ ಹೆಸರಿರುವ ತುಂಡನ್ನೇ ಕೇಳಿ.

ಮೂರನೇ ದಿನ, ಹತ್ತನೇ ದಿನ ಫೋನ್ ಮಾಡಿ. "ಮಾತ್ರೆ ತಗೊಂಡ್ಯಾ?" ಅಂದ್ರೆ ಉತ್ತರ ಯಾವಾಗಲೂ "ಹ್ಞೂಂ ಮಗಾ". ಅದರ ಬದಲು "ಯಾವ ಮಾತ್ರೆ ತಗೊಳ್ಳೋಕೆ ಬೇಜಾರಾಗತ್ತೆ?" ಅಂತ ಕೇಳಿ ನೋಡಿ. ನೀರಿನ ಮಾತ್ರೆಯ ಕಥೆ ಆಗ ಹೊರಗೆ ಬರತ್ತೆ. ಪ್ರಯಾಣದ ದಿನ ಅದನ್ನು ಎಷ್ಟು ಹೊತ್ತಿಗೆ ತಗೊಂಡರೆ ಆಗತ್ತೆ ಅಂತ ಡಾಕ್ಟ್ರನ್ನೋ ಫಾರ್ಮಾಸಿಸ್ಟನ್ನೋ ಕೇಳಿದರೆ ದಾರಿ ಸಿಗತ್ತೆ. ಬಿಡೋ ಅಗತ್ಯವೇ ಬರಲ್ಲ.

ಎರಡು ಎಚ್ಚರಿಕೆ ಮನೆಯವರಿಗೆಲ್ಲ ಗೊತ್ತಿರಲಿ. ಹೃದಯ ದುರ್ಬಲ ಇರುವವರ ತೂಕ ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಮೈಯಲ್ಲಿ ನೀರು ತುಂಬ್ತಿದೆ ಅಂತ ಲೆಕ್ಕ, ಉಸಿರು ಕಟ್ಟೋವರೆಗೆ ಕಾಯದೆ ಡಾಕ್ಟ್ರಿಗೆ ಹೇಳಿ. ಶುಗರ್ ಮಾತ್ರೆ ತಗೊಳ್ಳೋರು ಬೆವರಿ, ನಡುಗಿ, ಮಂಕಾದರೆ, ಎಚ್ಚರ ಇದ್ದಾಗ ಸಕ್ಕರೆ ನೀರು ಕೊಡಿ. ಸುಧಾರಿಸಿಕೊಂಡರು ಅಂತ ಸುಮ್ಮನಾಗಬೇಡಿ. ಗ್ಲಿಮೆಪಿರೈಡ್ ತರಹದ ಮಾತ್ರೆಯಿಂದ ಇಳಿದ ಶುಗರ್ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು, ಆಸ್ಪತ್ರೆಗೆ ತೋರಿಸಲೇಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ.

ಯಾವುದಾದರೂ ಮಾತ್ರೆಯಿಂದ ತೊಂದರೆಯಾಯಿತು ಅನ್ನಿಸಿದರೆ, ದೇಶದ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ನಂಬರ್ 1800-180-3024ಕ್ಕೆ ಯಾರು ಬೇಕಾದರೂ ತಿಳಿಸಬಹುದು. ಡಾಕ್ಟ್ರೇ ಹೇಳಬೇಕಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದಿಂದಾಗುವ ಹಾನಿ ತಗ್ಗಿಸುವ ಕರೆ ಕೊಟ್ಟಾಗ ಮೂರು ಕಡೆ ಹೆಚ್ಚು ಗಮನ ಕೊಡಿ ಅಂದಿತ್ತು: ಅಪಾಯದ ಔಷಧ ಮತ್ತು ಸಂದರ್ಭಗಳು, ಒಬ್ಬರಿಗೇ ಅತಿ ಹೆಚ್ಚು ಮಾತ್ರೆ, ಮತ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ರೋಗಿ ದಾಟುವ ಹೊತ್ತು. ಡಿಸ್ಚಾರ್ಜ್ ದಿನ ನಮ್ಮ ಅಜ್ಜಿಯರಿಗೆ ಈ ಮೂರೂ ಒಟ್ಟಿಗೆ ಬರತ್ತೆ.

ಹೃದಯಾಘಾತದ ಸುದ್ದಿ ಬಂದಾಗ ನಾವೆಲ್ಲ ಇಸಿಜಿ, ಎಕೋ ಅಂತ ಓಡಿದೆವು. ಮಾತ್ರೆ ಡಬ್ಬಿ ನೋಡಿಸೋಕೆ ಅಷ್ಟು ದೂರ ಹೋಗೋದೂ ಬೇಡ, ಅಷ್ಟು ದುಡ್ಡೂ ಬೇಡ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಮನೆಗೆ ಮಾತ್ರೆ ಕೊಡುವ ಅಂಗಡಿಗೆ ಒಮ್ಮೆ ಹೋಗಿ. ಅಲ್ಲಿ ಫಾರ್ಮಾಸಿಸ್ಟ್ ಯಾರು ಅಂತ ಕೇಳಿ, ಅವರ ಹೆಸರು, ನಂಬರ್ ಬರೆದುಕೊಳ್ಳಿ, ನಿಮ್ಮದನ್ನೂ ಕೊಡಿ. "ಅಮ್ಮನ ಮಾತ್ರೆಯಲ್ಲಿ ಏನಾದ್ರೂ ಹೆಚ್ಚುಕಮ್ಮಿ ಕಂಡ್ರೆ ನನಗೊಂದು ಫೋನ್ ಮಾಡಿ ಸರ್" ಅಂತ ಹೇಳಿ ಬನ್ನಿ. ಹಾಗೆ ಕೇಳಿದ ಗಿರಾಕಿ ಅವರಿಗೆ ಇಲ್ಲಿಯವರೆಗೆ ಎಷ್ಟು ಜನ ಸಿಕ್ಕಿದ್ದಾರೋ! ಮೊದಲನೆಯವರು ನೀವೇ ಆದರೂ ಆಗಲಿ.